ಅರ್ತ್ ಇಲ್ಲದ ಗಾಡಿ

ನಮ್ಮ ಮನೆಯ ಬಾಗಿಲಲ್ಲಿ ಕಾಲೊರೆಸಲು ಹಾಕಿರುವ ಕಪ್ಪು ರಬ್ಬರನ್ನು ನೋಡಿ ಬಂದವರೆಲ್ಲ ಒಮ್ಮೆ ನಿಲ್ಲುತ್ತಾರೆ. ಅದು ಚೌಕವೂ ಅಲ್ಲ, ಉರುಟೂ ಅಲ್ಲ. ಒಂದು ಮೂಲೆ ಕಚ್ಚಿ ತೆಗೆದ ಹಾಗಿದೆ, ಇನ್ನೊಂದು ಕಡೆ ಎಂಟಾಣೆಯಷ್ಟು ಅಗಲದ ತೂತು. ಅದು ನಮ್ಮ ಪಿಕಪ್ ಗಾಡಿಯಲ್ಲಿ ಡ್ರೈವರನ ಕಾಲಡಿಗೆ ಇದ್ದ ಮ್ಯಾಟು. ತೂತು ನನ್ನ ಬಲಗಾಲಿನ ಹಿಮ್ಮಡಿಯದು. ಆಕ್ಸಿಲರೇಟರ್ ಒತ್ತುವಾಗ ಹಿಮ್ಮಡಿ ಅಲ್ಲೇ ಊರಬೇಕು. ಹದಿನಾಲ್ಕು ವರ್ಷ ಊರಿದ್ದೇನೆ.

"ಗಾಡಿ ನೀವೇ ಬಿಡುವುದಾ ಅಮ್ಮ?" ಎಂದು ಕೇಳುತ್ತಾರೆ.

ನಾನೇ. ಮತ್ತೆ ಯಾರು ಬಂದು ಬಿಡಬೇಕು?

ನನಗೆ ಅರವತ್ತೆಂಟು. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದು ತ್ರಿಪ್ಲಿಕೇನಿನ ಈ ಗಲ್ಲಿಯಲ್ಲಿ ಇಳಿದವಳು, ಇಲ್ಲೇ ಇದ್ದೇನೆ. ನಮ್ಮವರು ಹೋಟೆಲಿನಲ್ಲಿ ಒಲೆಯ ಮುಂದೆ ನಿಂತರು, ನಾನು ಹಿಂದಿನ ಚಾವಡಿಯಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತೆ. ಕಲ್ಲು ಹೋಗಿ ಗ್ರೈಂಡರ್ ಬಂತು, ಒಂದು ಹೋಗಿ ಎರಡು ಬಂತು. ನಮ್ಮ ಹೋಟೆಲಿಗೆ ಸಾಕಾಗಿ ಉಳಿದ ಹಿಟ್ಟನ್ನು ಬೇರೆಯವರು ಕೇಳತೊಡಗಿದರು. ಈಗ ಅಂಬತ್ತೂರಿನ ಒಂದು ಫ್ಯಾಕ್ಟರಿ ಕ್ಯಾಂಟೀನಿಗೆ, ತಾಂಬರಂನ ಎರಡು ಮೆಸ್ಸಿಗೆ ನಾನೇ ದಿನಾ ಬೆಳಿಗ್ಗೆ ಹಿಟ್ಟು ಮುಟ್ಟಿಸುವುದು. ಹಿಟ್ಟು ಕೊಟ್ಟು, ಖಾಲಿ ಬಕೆಟು ತಕೊಂಡು, ಕ್ಯಾಂಟೀನಿನವರ ಇಡ್ಲಿ ಒಂದು ಬಾಯಿಗೆ ಹಾಕಿಕೊಂಡು, "ಬೇಯಿಸುವುದಕ್ಕೂ ಬರುವುದಿಲ್ಲವಲ್ಲ ನಿಮಗೆ" ಎಂದು ಬೈದು ವಾಪಸು ಬರುತ್ತೇನೆ. ಇದು ನನ್ನ ಕೆಲಸ. ಬೇರೆ ಕೆಲಸ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಗಾಡಿ ಕಲಿಯಬೇಕಾಗಿ ಬಂದದ್ದು ನಮ್ಮವರ ಹೆದರಿಕೆಯಿಂದ. ಕುದಿಯುವ ಎಣ್ಣೆಗೆ ಕೈ ಹಾಕಿ ಬೋಂಡ ತೆಗೆಯುವ ಗಂಡಸು ಸ್ಟೀರಿಂಗ್ ಹಿಡಿದರೆ ನಡುಗುತ್ತಿದ್ದರು. ಡ್ರೈವರುಗಳನ್ನು ಇಟ್ಟುಕೊಂಡೆವು. ಒಬ್ಬ ಹಿಟ್ಟಿನ ಜೊತೆ ಮಾವನ ಮನೆಗೆ ಹೋಗಿ ಸಂಜೆ ಬಂದ. ಅವತ್ತೇ ನಾನು ಡ್ರೈವಿಂಗ್ ಸ್ಕೂಲಿಗೆ ಹೋದೆ.

ಇಲ್ಲಿ ಲೈಸೆನ್ಸಿಗೆ ಎಂಟು ಹಾಕಬೇಕು. ಗಾಡಿಯನ್ನು ಎಂಟರ ಆಕಾರದಲ್ಲಿ ತಿರುಗಿಸಿ ತೋರಿಸಬೇಕು ಎಂದರ್ಥ. ಸ್ಕೂಲಿನವನು ನನಗೆ ಹಿಂದೆ ಮುಂದೆ ಬಿಡುವುದನ್ನು ಕಲಿಸಿದ್ದ, ಎಂಟು ಕಲಿಸಿರಲಿಲ್ಲ. "ಅದೇನು, ಎಟ್ಟು ಪೋಡಣುಂ ಅಷ್ಟೇ" ಎಂದಿದ್ದ. ಬಯಲಿನಲ್ಲಿ ಇನ್ಸ್‌ಪೆಕ್ಟರ್ ಬಂದು ಪಕ್ಕದಲ್ಲಿ ಕೂತು, "ಎಟ್ಟು ಪೋಡುಂಗಮ್ಮ" ಎಂದ. ನನಗೆ ಗೊತ್ತಿದ್ದ ಎಂಟು ಒಂದೇ, ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆದ ನಮ್ಮ ಕನ್ನಡದ ೮. ಮೇಲಿಂದ ಕೆಳಗೆ ಇಳಿಸಿದೆ, ಬುಡದಲ್ಲಿ ಬಳಸಿದೆ, ಮೇಲಕ್ಕೆ ಹತ್ತಿಸಿ ತುದಿಯಲ್ಲಿ ಹೊರಗೆ ಎಳೆದು ನಿಲ್ಲಿಸಿದೆ. ಚೆಂದವಾಗಿಯೇ ಬಂದಿತ್ತು.

ಇನ್ಸ್‌ಪೆಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಣ್ಣಿನಲ್ಲಿ ಬಿದ್ದ ಗೆರೆ ನೋಡಿದ. "ಇದು ಎಂದ ಊರು ಎಟ್ಟು?" ಇದು ಯಾವ ಊರಿನ ಎಂಟು ಎಂದು.

"ಎಂಗ ಊರು ಎಟ್ಟು", ನಮ್ಮೂರಿನದು ಎಂದೆ.

ಅವನು ನಕ್ಕು, ನೆಲದ ಮೇಲೆ ಕೋಲಿನಿಂದ ಅವರ ಎಂಟನ್ನು ಗೀಚಿ ತೋರಿಸಿದ. ಎರಡು ಇಡ್ಲಿಯನ್ನು ಒಂದರ ಮೇಲೊಂದು ಅಂಟಿಸಿದ ಹಾಗಿತ್ತು. ಅದನ್ನೂ ಹಾಕಿದೆ. ಎರಡು ಊರಿನ ಎಂಟು ಹಾಕಿ ಲೈಸೆನ್ಸ್ ಪಡೆದವಳು ಮದರಾಸಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮವರು ಹೋಗಿ ಒಂಬತ್ತು ವರ್ಷವಾಯಿತು. ಹೋಟೆಲು ಈಗ ಮೈದುನನ ಮಗ ರಘುವಿನ ಕೈಯಲ್ಲಿದೆ. ಬಿಕಾಂ ಓದಿದ್ದಾನೆ, ನಲವತ್ತನಾಲ್ಕು ವಯಸ್ಸು, ನಾನು ಈಗಲೂ ಮಾಣಿ ಎಂದೇ ಕರೆಯುತ್ತೇನೆ. ಕೆಟ್ಟವನಲ್ಲ. ನನ್ನನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂಬ ಒಂದು ಕೆಟ್ಟ ಚಟ ಮಾತ್ರ ಇದೆ. "ದೊಡ್ಡಮ್ಮ, ನೀವಿನ್ನ್ ರೆಸ್ಟ್ ತಕಣಿ. ಹಿಟ್ಟು ಫ್ಯಾಕ್ಟರಿದ್ದೇ ತರುವ. ಗಾಡಿ ಬೇಕಿದ್ರೆ ಫೋನಲ್ಲಿ ಒತ್ತಿರೆ ಬತ್ತ್. ನೀವು ಕ್ಯಾಶ್ ಹತ್ರ ಕೂಕಣಿ, ಬಂದವ್ರಿಗೆ ವಣಕ್ಕಂ ಹೇಳಿ" ಎಂದು ತಿಂಗಳಿಗೊಮ್ಮೆ ಹೇಳುತ್ತಾನೆ. ಅಂದರೆ ಗೋಡೆಯ ಮೇಲಿನ ದೇವರ ಪಟದ ಕೆಳಗೆ ಇನ್ನೊಂದು ಪಟ. ಗಾಡಿ ಇರುವಷ್ಟು ದಿನ ಆ ಮಾತು ಮಾತಾಗಿಯೇ ಇತ್ತು. ಗಾಡಿಯ ಕಾಗದವೆಲ್ಲ ಹೋಟೆಲಿನ ಹೆಸರಿನಲ್ಲಿದೆ ಎನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು.

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ಬಕೆಟುಗಳನ್ನೆಲ್ಲ ಏರಿಸಿ ಕೀ ತಿರುಗಿಸಿದರೆ 'ಟಕ್' ಎಂದಿತು. ಮತ್ತೆ ತಿರುಗಿಸಿದೆ. ಟಕ್. ಅಷ್ಟೇ.

ಗಾಡಿ ನಿಂತರೆ ಗಲ್ಲಿಗೆ ಹಬ್ಬ. ಲಾಡ್ಜಿನ ವಾಚ್‌ಮನ್ ಬಂದು ಡೀಸೆಲ್ ಇಲ್ಲ ಎಂದ. ಇತ್ತು. ಹೂವಿನ ಸರಸು ದೃಷ್ಟಿ ಆಗಿದೆ ಎಂದು ನಿಂಬೆಹಣ್ಣು ತಂದಳು. ನಿಂಬೆಹಣ್ಣನ್ನು ಅಡಿಗೆಗೆ ಕಳಿಸಿದೆ. ನನಗೆ ತಿಳಿದಷ್ಟನ್ನು ನಾನು ನೋಡಿದೆ. ದೀಪ ಹಾಕಿ ಕೀ ತಿರುಗಿಸಿದರೆ ದೀಪ ಸತ್ತ ಹಾಗೆ ಮಂಕಾಯಿತು. ಹಾಗಾದರೆ ಕರೆಂಟು ಸೆಲ್ಫ್ ಮೋಟರಿಗೆ ಸರಿಯಾಗಿ ಮುಟ್ಟುತ್ತಿಲ್ಲ ಎಂದು ಲೆಕ್ಕ. ನಮ್ಮ ಗಾಡಿಗೆ ಬ್ಯಾಟರಿ ಇರುವುದು ಹಿಂದಿನ ತೊಟ್ಟಿಯ ಅಡಿಯಲ್ಲಿ, ಪಕ್ಕದ ಕಬ್ಬಿಣಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ. ಕುಕ್ಕರುಗಾಲಲ್ಲಿ ಕೂತು ಅದರ ಮುಚ್ಚಳ ತೆಗೆದು, ವೈರು ಕಚ್ಚಿಸುವ ಎರಡು ಬುರುಡೆಗೂ ಹಿಡಿದಿದ್ದ ಹಸಿರು ಕಿಲುಬನ್ನು ದೇವರ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಹೊಳೆಯಿತು. ಕೀ ತಿರುಗಿಸಿದೆ.

ಟಕ್.

ಆಮೇಲೆ ಹೋಟೆಲಿನ ನಾಲ್ಕು ಜನ ತಳ್ಳಿದರು. ತಳ್ಳಿದರೆ ಹೊರಟಿತು. ಆದರೆ ದಿನಾ ತಳ್ಳಿಸಿಕೊಂಡು ಹೊರಡುವುದು ನನಗೆ ಆಗದು. ಅಂಬತ್ತೂರಿನಲ್ಲಿ ಬಕೆಟು ಇಳಿಸುವ ತನಕ ಇಂಜಿನು ಆಫ್ ಮಾಡದೆ ಕೂತು, ಗೇಟಿನವನ ಕೈಯಿಂದ ಹೊಗೆ ಹೊಗೆ ಎಂದು ಬೈಸಿಕೊಂಡು ಬಂದೆ. ಮಂಗಳವಾರ ರಘು ಹೊಸ ಬ್ಯಾಟರಿ ಹಾಕಿಸಿದ. ಹೊಸ ಬ್ಯಾಟರಿಯೂ ಟಕ್ ಎಂದಿತು. ಅವನ ಮುಖದಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚು ಕಂಡಿತು.

ಬುಧವಾರ ನಾನು ಆಟೋದಲ್ಲಿ ಬಕೆಟು ಹೇರಿಕೊಂಡು ಅಂಬತ್ತೂರಿಗೆ ಹೋಗಿದ್ದಾಗ, ರಘುವೂ ಮಾರ್ಕೆಟಿಗೆ ಹೋಗಿದ್ದ ಹೊತ್ತಿನಲ್ಲಿ, ನಮ್ಮ ಮೆಕ್ಯಾನಿಕ್ ಕಾಸಿ ಬಂದು ಗಾಡಿ ನೋಡಿ ಹೋಗಿದ್ದ. ಪುದುಪೇಟೆಯ ಸಂದಿಯಲ್ಲಿ ಅವನ ಶೆಡ್ಡು. ಈ ಗಾಡಿ ಬಂದ ದಿನದಿಂದ ಅದರ ಹೊಟ್ಟೆಯ ಒಳಗಿನದೆಲ್ಲ ಬಲ್ಲವನು ಅವನೇ. ನನ್ನ ಬಳಿ ಫೋನಿಲ್ಲದ ಕಾರಣ ಮಧ್ಯಾಹ್ನ ಹೋಟೆಲಿಗೆ ಫೋನ್ ಮಾಡಿದ್ದ. ಮಧ್ಯಾಹ್ನವೆಂದರೆ ಊಟದ ಹೊತ್ತು. ಒಂದು ಕಡೆ ಗ್ರೈಂಡರು, ಒಂದು ಕಡೆ ಪಾತ್ರೆ ತೊಳೆಯುವ ಸದ್ದು, "ಸಾಂಬಾರ್ ಇನ್ನೊಂದು" ಎಂಬ ಕೂಗು. ನಾನು ಬಂದು ಆಟೋದಿಂದ ಇಳಿಯುತ್ತಿದ್ದ ಹಾಗೆಯೇ ರಘು ಬಾಗಿಲಿಗೆ ಬಂದ.

"ದೊಡ್ಡಮ್ಮ, ಕಾಸಿ ಫೋನ್ ಮಾಡಿದ್ದ. ಗಾಡಿಲಿ ಇನ್ನ್ ಅರ್ಥ ಇಲ್ಲೆ ಅಂದ."

"ಎಂತ ಇಲ್ಲೆ?"

"ಅರ್ಥ ಇಲ್ಲೆ. ಅವನೇ ಹೇಳ್ದ. ಒಂದಲ್ಲ, ಎರಡ್ ಸಲ ಹೇಳ್ದ. ನಾ ಗುಜರಿಯವನಿಗೆ ಹೇಳಿದ್ದೆ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಬತ್ತ. ನೀವು ಬೇಜಾರ್ ಮಾಡ್ಕಂಬುಕಾಗ."

ನನಗೆ ಬೇಜಾರಾಗಲಿಲ್ಲ. ಸಿಟ್ಟು ಬಂತು. ರಘುವಿನ ಮೇಲಲ್ಲ, ಕಾಸಿಯ ಮೇಲೆ. ಬೆಲ್ಟು ಹೋಯಿತು, ಕ್ಲಚ್ಚು ಹೋಯಿತು ಎಂದು ಹೇಳಲಿ. ಅರ್ಥ ಇಲ್ಲ ಎಂದು ಹೇಳಲು ಅವನು ಯಾರು? ಅವನ ಕೆಲಸ ಸ್ಪ್ಯಾನರ್ ಹಿಡಿಯುವುದು. ಅರ್ಥ ಇದೆಯೋ ಇಲ್ಲವೋ ನೋಡಿಕೊಳ್ಳುವುದು ನನ್ನ ಕೆಲಸ. ಒಳಗೆ ಹೋಗಿ ಉದ್ದು ನೆನೆಹಾಕಿದೆ.

ಮರುದಿನ ಗುರುವಾರ ಹಿಟ್ಟು ಮುಟ್ಟಿಸಿ, ಅದೇ ಆಟೋದಲ್ಲಿ ಪುದುಪೇಟೆಗೆ ಹೋದೆ. ಕಾಸಿಯ ಶೆಡ್ಡು ಇನ್ನೂ ತೆರೆದಿರಲಿಲ್ಲ. ಎದುರಿನ ಸಾಲಿನಲ್ಲಿ ಗಾಡಿಯ ಸಾಮಾನಿನ ಅಂಗಡಿಗಳು ತೆರೆದಿದ್ದವು. ಸುಮ್ಮನೆ ನಿಲ್ಲುವ ಅಭ್ಯಾಸ ನನಗಿಲ್ಲ. ಮರುದಿನ ಗುಜರಿಗೆ ಹೋಗಲಿರುವ ಗಾಡಿಗೆ ಹೊಸ ಸಾಮಾನು ಕೊಳ್ಳಲು ಅಂಗಡಿ ಹತ್ತಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರಲಿಲ್ಲ.

ಅಂಗಡಿಯವನು ಹೊಸಬ. ಮೊದಲು ಬಣ್ಣದ ಲೈಟು ತೋರಿಸಿದ. ಬೇಡ. ಸ್ಟೀರಿಂಗಿಗೆ ರೋಮದ ಕವರು. ಬೇಡ. ಹಿಂದಿನ ಗಾಜಿಗೆ ಹುಲಿಯ ಸ್ಟಿಕ್ಕರು.

"ಯಾರುಕ್ಕಮ್ಮ ವಂಡಿ? ಪೇರನುಕ್ಕಾ?" ಎಂದ. ಮೊಮ್ಮಗನಿಗಾ ಎಂದು.

"ಎನಕ್ಕು." ನನಗೇ ಎಂದು.

ಆಮೇಲೆ ಸರಿಯಾದ ಸಾಮಾನು ಹೊರಬಂತು. ವೈಪರಿನ ರಬ್ಬರು ಎರಡು. ಹಳೆಯವು ಗಾಜಿನ ಮೇಲೆ ಮಳೆಯನ್ನು ಒರೆಸದೆ ಹರಡುತ್ತಿದ್ದವು, ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ ಮಳೆಯಲ್ಲಿ ಎರಡು ವರ್ಷದಿಂದ ನಾನು ಗಾಡಿ ಬಿಟ್ಟದ್ದು ಅಂದಾಜಿನ ಮೇಲೆಯೇ. ಬಾಗಿಲಿನ ಸುತ್ತ ಕೂರಿಸುವ ರಬ್ಬರು ಪಟ್ಟಿ. ಹಿಂದಿನ ಚಕ್ರಕ್ಕೆ ಕೆಸರು ತಡೆಯುವ ಫ್ಲ್ಯಾಪು ಎರಡು; ಎಡಗಡೆಯದು ಕಳಚಿ ಬಿದ್ದ ಮೇಲೆ ಅಲ್ಲಿ ಒಂದು ಹಳೆಯ ಗೋಣಿ ಕಟ್ಟಿದ್ದೆ. ಬಲಗಡೆಯ ಕನ್ನಡಿ, ಹಳೆಯದನ್ನು ಒಬ್ಬ ಬಸ್ಸಿನವನು ಒಡೆದಿದ್ದ, ನಾನು ಅವನನ್ನು ಮೌಂಟ್ ರೋಡಿನ ತನಕ ಅಟ್ಟಿಸಿಕೊಂಡು ಹೋಗಿದ್ದೆ, ಅದು ಬೇರೆ ಕಥೆ. ಹಾರ್ನು ಒಂದು, ಹಳೆಯದು ಕೆಮ್ಮುತ್ತಿತ್ತು. ಕಾಲಡಿಗೆ ಮ್ಯಾಟು. ಮ್ಯಾಟನ್ನು ನೆಲದ ಮೇಲೆ ಹಾಕಿಸಿ, ಚಪ್ಪಲಿ ಬಿಟ್ಟು, ಹಿಮ್ಮಡಿ ಊರಿ ನೋಡಿದೆ. ಅಂಗಡಿಯವನು ಕೈಕಟ್ಟಿ ನಿಂತಿದ್ದ. "ದಪ್ಪ ಸಾಲದು, ಇನ್ನೊಂದು ತೆಗಿ" ಎಂದೆ. ತೆಗೆದ.

ಈ ಚೀಲ ಎತ್ತಿಕೊಂಡು ಶೆಡ್ಡಿಗೆ ಹೋದಾಗ ಕಾಸಿ ಆಗಷ್ಟೇ ಬಂದು ಟೀ ಕುಡಿಯುತ್ತಿದ್ದ. ಐವತ್ತೈದು ದಾಟಿದ ಮನುಷ್ಯ, ಕೂದಲಿಗೆ ಎಣ್ಣೆ, ಕೈಗೆ ಗ್ರೀಸು, ಎರಡೂ ಒಂದೇ ಡಬ್ಬಿಯದೋ ಎನ್ನುವ ಹಾಗೆ. "ವಾಂಗಮ್ಮ ವಾಂಗ" ಎಂದು ಎದ್ದು ನಿಂತ. ನಾನು ಚೀಲ ನೆಲಕ್ಕೆ ಕುಕ್ಕಿದೆ.

"ಯಾರುಕ್ಕುಡಾ ಅರ್ಥಂ ಇಲ್ಲ? ಎನ್ ವಂಡಿಕ್ಕಾ, ಉನಕ್ಕಾ?" ಅರ್ಥ ಇಲ್ಲದ್ದು ಯಾರಿಗೆ, ನನ್ನ ಗಾಡಿಗಾ, ನಿನಗಾ ಎಂದು.

ಅವನು ಟೀ ಗ್ಲಾಸು ಹಿಡಿದೇ ನಿಂತ. "ಎನ್ನಮ್ಮ ಸೊಲ್ರೀಂಗ?" ಏನು ಹೇಳುತ್ತಿದ್ದೀರಿ ಎಂದು.

"ರಘುಗೆ ಫೋನ್ ಮಾಡಿ ನೀನೇ ಹೇಳಿದ್ದಲ್ಲವಾ? ಹದಿನಾಲ್ಕು ವರ್ಷ ನನ್ನ ಹೋಟೆಲಿನ ಪೊಂಗಲ್ ತಿಂದವನು! ಅರ್ಥ ಇಲ್ಲವಂತೆ ಅರ್ಥ!" ಅರ್ಧ ತಮಿಳು, ಅರ್ಧ ಕನ್ನಡ, ಸಿಟ್ಟು ಬಂದರೆ ನನಗೆ ಎರಡೂ ಒಂದೇ.

ಕಾಸಿ ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಟೀ ಚೆಲ್ಲಿತು. "ಐಯೋ ಅಮ್ಮ! ಅರ್ಥಂ ಇಲ್ಲೀಂಗ! ಅರ್ತ್! ಅರ್ತ್ ಇಲ್ಲ-ನ್ನು ಸೊನ್ನೇನ್!" ಅವನು ಹೇಳಿದ್ದು ಅರ್ಥ ಅಲ್ಲವಂತೆ, ಅರ್ತ್ ಇಲ್ಲ ಎಂದಂತೆ. ಗೋಡೆಗೆ ನೇತುಹಾಕಿದ್ದ, ಜಡೆಯ ಹಾಗೆ ಹೆಣೆದ ಒಂದು ತಾಮ್ರದ ಪಟ್ಟಿಯನ್ನು ಎಳೆದು ನನ್ನ ಕೈಗೆ ಕೊಟ್ಟ. "ಇದಾಮ್ಮ ಅರ್ತ್!"

ಆಮೇಲೆ ಕೂರಿಸಿ ವಿವರಿಸಿದ. ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫ್ ಮೋಟರಿಗೆ ಹೋದರೆ ಸಾಲದು, ಇಂಜಿನಿನ ಮೈಯಿಂದ ವಾಪಸು ಬ್ಯಾಟರಿಗೆ ಬರಬೇಕು. ವಾಪಸು ಬರುವ ದಾರಿ ಈ ಪಟ್ಟಿ. ಇದಕ್ಕೆ ಅರ್ತ್ ಎನ್ನುತ್ತಾರೆ. ನಮ್ಮ ಗಾಡಿಯಲ್ಲಿ ಅದು ತಿಂದುಹೋಗಿ ಎರಡು ಎಳೆಯಲ್ಲಿ ನೇತಾಡುತ್ತಿತ್ತು. ಬುಧವಾರ ಅವನು ಒಂದು ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ಕಪ್ಪು ಬುರುಡೆಗೂ ಇನ್ನೊಂದನ್ನು ಇಂಜಿನಿನ ಮೈಗೂ ಹಿಡಿದು ಕೀ ತಿರುಗಿಸಿದಾಗ ಗಾಡಿ ಒಂದೇ ಸಲಕ್ಕೆ ಹೊರಟಿತ್ತಂತೆ. ಹೊಸ ಪಟ್ಟಿ ಹಾಕಬೇಕು, ಅರ್ತ್ ಇಲ್ಲ ಎಂದು ಹೇಳಲೆಂದೇ ಫೋನ್ ಮಾಡಿದ್ದ. ಸಾಂಬಾರಿನ ಗದ್ದಲದಲ್ಲಿ ನಮ್ಮ ಬಿಕಾಂ ಅದನ್ನು ಅರ್ಥ ಮಾಡಿಕೊಂಡದ್ದು ಹೀಗೆ. ಕೇಳಬೇಕೆಂದು ಕಾಯುತ್ತಿದ್ದ ಮಾತು ಕಿವಿಗೆ ಬೇಗ ಬೀಳುತ್ತದೆ.

ಸಂಜೆ ರಘುವಿಗೆ ಹೇಳಿದೆ. ಅವನಿಗೂ ನಗು ಬಂತು, ನಕ್ಕ. ಆದರೆ ಗುಜರಿಯವನಿಗೆ ಬೇಡ ಎನ್ನಲಿಲ್ಲ.

"ಇವತ್ತ್ ಅರ್ತ್, ನಾಳೆ ಮತ್ತೊಂದ್. ಅದ್ ಹಳತಾಯ್ತ್ ದೊಡ್ಡಮ್ಮ. ನಿಮಗೂ ವಯಸ್ಸಾಯ್ತ್."

"ಗಾಡಿ ಸುದ್ದಿಗೆ ನನ್ನ ವಯಸ್ಸ್ ಎಂತಕೆ ಬಂತ್? ನಂಗೇನ್ ಬ್ಯಾಟ್ರಿ ಇತ್ತಾ?"

"ಅಲ್ಲ, ನಡು ದಾರೀಲಿ ನಿಂತ್ರೆ?"

"ನಿಂತ್ರೆ ಇಳಿತೆ."

"ನಾ ಮಾತ್ ಕೊಟ್ಟಾಯ್ತ್. ನಾಳೆ ಅವ ಬಪ್ಪು ಹೊತ್ತಿಗೆ ಸ್ಟಾರ್ಟ್ ಆದ್ರೆ ಕಾಂಬ. ಇಲ್ದಿರೆ ಬಿಡುದೇ."

"ಆಯ್ತ್" ಎಂದೆ. ಬೇರೆ ದಾರಿ ಇರಲಿಲ್ಲ. ಸ್ಟಾರ್ಟ್ ಆಗದಿದ್ದರೆ ಗಾಡಿ ಹೋಗುತ್ತದೆ, ಗಾಡಿಯ ಹಿಂದೆ ಗ್ರೈಂಡರು, ಗ್ರೈಂಡರಿನ ಹಿಂದೆ ನಾನು.

ಶುಕ್ರವಾರ ಹಿಟ್ಟಿನ ಬಕೆಟುಗಳನ್ನು ಆಟೋಗೆ ಹಾಕದೆ ಗಾಡಿಗೇ ಏರಿಸಿಟ್ಟೆ, ಐದೂವರೆಗೆ ಕಾಸಿ ಬಂದ. ಮೊದಲು ನನ್ನ ಚೀಲದ ಸಾಮಾನು ಹಾಕಿಸಿದೆ. "ಮುದಲ್ಲ ಅರ್ತ್ ಪೋಡಲಾಂಮ್ಮ", ಮೊದಲು ಅರ್ತ್ ಹಾಕೋಣ ಎಂದು ಅವನು ಹೇಳಿದ. "ವೈಪರ್ ಹಾಕು" ಎಂದೆ. ಗುಜರಿಗೆ ಹೋದರೂ ಸರಿಯಾಗಿ ಕಣ್ಣು ಕಾಣಿಸಿಕೊಂಡು ಹೋಗಲಿ. ಕನ್ನಡಿ, ಹಾರ್ನು, ಫ್ಲ್ಯಾಪು ಎಲ್ಲ ಆಗಿ ಅವನು ಗಾಡಿಯ ಅಡಿಗೆ ಹೋಗುವಾಗ ಆರಕ್ಕೆ ಹತ್ತು ನಿಮಿಷ. ಗುಜರಿಯವನ ಟೆಂಪೋ ಅಷ್ಟರಲ್ಲೇ ಗಲ್ಲಿಯ ಬಾಯಿಗೆ ಬಂದು ನಿಂತಿತು. ರಘು ಸ್ನಾನ ಮಾಡಿ ನಾಮ ಹಚ್ಚಿಕೊಂಡು ಬಂದ.

ಅಡಿಯಿಂದ ಕಾಸಿಯ ಕೈ ಹೊರಬಂತು. ಕೈಯಲ್ಲಿ ಹಳೆಯ ಅರ್ತ್ ಪಟ್ಟಿ. ಅದಕ್ಕೆ ಬಿಳಿ ಬಿಳಿ ಏನೋ ಒಣಗಿ ಅಂಟಿತ್ತು. ಅವನು ಮಲಗಿದಲ್ಲಿಂದಲೇ ಮೂಗಿಗೆ ಹಿಡಿದು ನೋಡಿ ಕೂಗಿದ. "ಎನ್ನಮ್ಮ ಇದು? ವಂಡಿಕ್ಕೆಲ್ಲಾಂ ಇಡ್ಲಿ ಊತ್ತಿರುಕ್ಕೀಂಗ?" ಗಾಡಿಗೂ ಇಡ್ಲಿ ಹೊಯ್ದಿದ್ದೀರಾ ಎಂದು.

ನಾನೂ ಮೂಸಿದೆ. ನನ್ನದೇ ಹಿಟ್ಟು. ಬಕೆಟಿನ ಕಂಠದ ತನಕ ತುಂಬಿಸುವುದು ನನ್ನ ಪದ್ಧತಿ. ಅಂಬತ್ತೂರು ಮುಟ್ಟುವಷ್ಟರಲ್ಲಿ ಸೆಕೆಗೆ ಹುಳಿ ಬಂದು ಉಕ್ಕಿ, ಮುಚ್ಚಳ ಎತ್ತಿ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಸಂದಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಕೆಳಗೆ ಏನಿದೆ ಎಂದು ನಾನು ಯಾವತ್ತಾದರೂ ಬಗ್ಗಿ ನೋಡಿದ್ದರಲ್ಲವೇ? ದಿನಾ ಒಂದೊಂದು ತೊಟ್ಟು ಹುಳಿ ಕುಡಿಸಿ ಅರ್ತನ್ನು ತಿನ್ನಿಸಿದವಳು ನಾನೇ. ಮೇಲಿಂದ ಹುಣಸೆಹಣ್ಣಿನ ಉಪಚಾರ ಬೇರೆ.

ರಘುವಿಗೆ ಬೇಕಾದದ್ದು ಸಿಕ್ಕಿತು. "ಕಂಡ್ರಿಯಾ ದೊಡ್ಡಮ್ಮ? ಗಾಡಿ ಹಾಳ್ ಮಾಡಿದ್ದ್ ನಿಮ್ಮ ಹಿಟ್ಟೇ."

ಸುಳ್ಳು ಹೇಳಬಹುದಿತ್ತು. ಮಳೆಯ ನೀರು ಎನ್ನಬಹುದಿತ್ತು. "ಹೌದ್, ನನ್ನ ಹಿಟ್ಟೇ. ತಾಮ್ರ ತಿಂದ್ ಮುಗ್ಸಿತ್ ಕಾಣ್. ನೀ ತರುವ ಫ್ಯಾಕ್ಟರಿ ಹಿಟ್ಟ್ ಎಂತ ತಿಂತ್? ಬಕೆಟಲ್ಲಿ ಹಾಕಿರೆ ಹಾಂಗೇ ಕೂತಿರತ್ತ್, ಕ್ಯಾಶ್ ಹತ್ರ ಕೂತ ಮುದುಕಿ ಹಾಂಗೆ."

ಕಾಸಿಗೆ ಕನ್ನಡ ಅರ್ಧ ಬರುತ್ತದೆ. ಗಾಡಿಯ ಅಡಿಯಿಂದ ನಗು ಕೇಳಿತು. ರಘು ನಗಲಿಲ್ಲ. ಗುಜರಿಯವನು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹೊಸ ವೈಪರನ್ನು ಬೆರಳಿನಿಂದ ಎತ್ತಿ ನೋಡಿ, "ವಂಡಿ ಕುಡುಪ್ಪೀಂಗಳಾ, ಇಲ್ಲಿಯಾ?" ಎಂದು ಕೇಳಿದ. ಕೊಡುತ್ತೀರಾ, ಇಲ್ಲವಾ.

ಕಾಸಿ ಹೊರಗೆ ಬಂದು ಕೈ ಒರೆಸಿಕೊಂಡ. ನಾನು ಕೀ ತೆಗೆದು ರಘುವಿನ ಕೈಗೆ ಕೊಟ್ಟೆ. "ನೀನೇ ತಿರ್ಗಿಸ್. ನಾ ಮಂತ್ರ ಹಾಕ್ದೆ ಅಂತ ಹೇಳುದ್ ಬೇಡ."

ಅವನು ಹತ್ತಿ ಕೂತ. ಗಲ್ಲಿಯಲ್ಲಿ ವಾಚ್‌ಮನ್, ಸರಸು, ಟೀ ಕುಡಿಯಲು ಬಂದವರು, ಎಲ್ಲ ನಿಂತಿದ್ದರು. ಕೀ ತಿರುಗಿತು. ಟಕ್ ಎಂದೂ ಅನ್ನಲಿಲ್ಲ, ನೇರ ಹೊರಟಿತು. ತೊಟ್ಟಿಯಲ್ಲಿ ಬಕೆಟುಗಳ ಮುಚ್ಚಳ ಗದಗದ ಎಂದವು. ರಘುವಿನ ಮುಖ ನೋಡಿದರೆ ಪಾಪ ಎನಿಸಬೇಕಿತ್ತು. ಸ್ಟೀರಿಂಗ್ ಹಿಡಿದ ಕೈಯನ್ನು ಅವನು ಬಿಡಲಿಲ್ಲ.

"ಸರಿ ದೊಡ್ಡಮ್ಮ, ಗಾಡಿ ಇರ್ಲಿ. ನಾನೇ ಬಿಡ್ತೆ. ನೀವು ಈಚೆ ಬದಿಗೆ ಹತ್ತಿ."

ಪ್ರೀತಿಯಿಂದಲೇ ಹೇಳಿದ. ಅದೇ ನೋಡಿ ಕಷ್ಟ. ಬೈದು ಹೇಳಿದ್ದರೆ ಬೈದು ಮುಗಿಸಬಹುದಿತ್ತು.

"ಆಫ್ ಮಾಡಿ ಇಳಿ" ಎಂದೆ.

"ಆಫಾ?" ಕಾಸಿಯೇ ಗಾಬರಿಯಾದ. "ಅಮ್ಮ, ಓಡಟ್ಟುಂ, ಇಪ್ಪ ವೇಂಡಾಂ..." ಓಡುತ್ತಿರಲಿ, ಈಗಲೇ ಬೇಡ ಎಂದು. ತಾನು ಬಿಗಿದ ನಟ್ಟಿನ ಮೇಲೆ ಅವನಿಗೇ ನಂಬಿಕೆ ಇಲ್ಲ!

"ಆಫ್ ಮಾಡಿರೆ, ಮತ್ತೆ ಸ್ಟಾರ್ಟ್ ಆಗ್ದಿದ್ರೆ?" ರಘು ಗುಜರಿಯವನ ಕಡೆ ನೋಡಿದ.

"ಆಗ್ದಿದ್ರೆ ಅವ್ನಿಗೇ ಕೊಡ್. ನಾ ಬಂದ್ ನೀ ಹೇಳ್ದಲ್ಲಿ ಕೂಕಂತೆ. ಇಳಿ ಮಾಣಿ."

ಅವನು ಆಫ್ ಮಾಡಿದ. ಇಳಿದ. ನಾನು ಸೀರೆ ಎತ್ತಿ ಕಟ್ಟಿ, ಮಂಡಿಗೆ ಎರಡು ಮಾತು ಬೈದು, ಹತ್ತಿ ಕೂತೆ. ಹೊಸ ಮ್ಯಾಟಿನ ಮೇಲೆ ಹಿಮ್ಮಡಿ ಜಾರಿತು. ಸರಿಯಾಗಿ ಊರಿಕೊಂಡೆ. ಗೇರು ನ್ಯೂಟ್ರಲಿನಲ್ಲಿದೆಯೋ ನೋಡಿದೆ.

ತಿರುಗಿಸಿದೆ. ಹೊರಟಿತು.

ಯಾರ ಮುಖವನ್ನೂ ನೋಡಲಿಲ್ಲ. ಅಂಬತ್ತೂರಿನವರಿಗೆ ಏಳೂವರೆಗೆ ಹಿಟ್ಟು ಬೇಕು, ಆಗಲೇ ಹೊತ್ತಾಗಿತ್ತು. ಗಲ್ಲಿಯ ಬಾಯಿಯಲ್ಲಿ ಗುಜರಿಯವನ ಟೆಂಪೋ ಅಡ್ಡ ನಿಂತಿತ್ತು. ಹಾರ್ನ್ ಒತ್ತಿದೆ, ಅದು ಸರಿಯುವ ತನಕ ಕೈ ತೆಗೆಯಲಿಲ್ಲ.